ಯೆಹೆಜ್ಕೇಲ 47–48ರ ನಕ್ಷೆ: ಅಳತೆ ಕೂಡುತ್ತಿಲ್ಲ

ಪ್ರಶ್ನೆ

ಬೈಬಲ್ ಅಧ್ಯಯನದ ತರಗತಿಗೆ ಪ್ರವಾದಿ ಯೆಹೆಜ್ಕೇಲನ ಕೊನೆಯ ಎರಡು ಅಧ್ಯಾಯಗಳ ನಕ್ಷೆ ಬೇಕಾಗಿದೆ. ಇಸ್ರಾಯೇಲಿನ ಹನ್ನೆರಡು ಕುಲಗಳಿಗೆ ದೇಶವನ್ನು ಹೊಸದಾಗಿ ಹಂಚುವ ದರ್ಶನ ಅದು. 25,000 ಅಳತೆಕೋಲು ಎಂದು ಹಿಡಿದರೆ ಪವಿತ್ರ ಭಾಗವೇ (ಪವಿತ್ರಾಲಯ, ಯಾಜಕರು, ಲೇವಿಯರು, ನಗರ ಇವಕ್ಕೆ ಮೀಸಲಾದ ನೆಲ) ದೇಶದ ಅಗಲವನ್ನೆಲ್ಲ ನುಂಗುತ್ತದೆ. ರೂಬೇನ್, ಗಾದ್ ಕುಲಗಳು ಯೊರ್ದನಿನ ಆಚೆಗೋ ಈಚೆಗೋ? ಅಬ್ರಹಾಮನಿಗೆ ಹೇಳಿದ ಯೂಫ್ರೇಟೀಸ್ ಗಡಿ ಇಲ್ಲೇಕೆ ಕಾಣುವುದಿಲ್ಲ?

ಉತ್ತರ 1

ತೊಡಕಿರುವುದು ಕೋಲಿನಲ್ಲೇ. 45:1 ಮತ್ತು 48:8ರ ಹೀಬ್ರೂ ಮೂಲದಲ್ಲಿ ಬರೀ ಸಂಖ್ಯೆ ಇದೆ, ಮಾನವಿಲ್ಲ. ಹಾಗಾಗಿ ಕೆಲವು ಅನುವಾದಗಳು ಕೋಲು ಎಂದವು, ಕೆಲವು ಮೊಳ ಎಂದವು. 40:5ರ ಪ್ರಕಾರ ಒಂದು ಕೋಲಿಗೆ ಆರು ಮೊಳ. ಆ ಮೊಳವೂ ಸಾಮಾನ್ಯ ಮೊಳಕ್ಕಿಂತ ಒಂದು ಹಿಡಿಯಗಲ ಉದ್ದ, ಸುಮಾರು 52 ಸೆಂ.ಮೀ. ಕೋಲು ಎಂದರೆ 25,000ಕ್ಕೆ ಸುಮಾರು 78 ಕಿ.ಮೀ., ಮೊಳ ಎಂದರೆ 13 ಕಿ.ಮೀ. ಯೆರೂಸಲೇಮಿನ ನೇರಕ್ಕೆ ಯೊರ್ದನಿನಿಂದ ಮೆಡಿಟರೇನಿಯನ್‌ವರೆಗೆ ಸುಮಾರು 90 ಕಿ.ಮೀ. ಅಷ್ಟೇ. 48:21 ಪವಿತ್ರ ಭಾಗದ ಎರಡೂ ಮಗ್ಗುಲಿನ ಭೂಮಿಯನ್ನು ಪ್ರಭುವಿಗೆ (ದೇವರಿಗಲ್ಲ, ಜನರನ್ನಾಳುವವನಿಗೆ) ಕೊಡುತ್ತದೆ. ಕೋಲಿನ ಲೆಕ್ಕದಲ್ಲಿ ಅವನಿಗೆ ಹೆಚ್ಚೇನೂ ಉಳಿಯುವುದಿಲ್ಲ. ಮೊಳವನ್ನೇ ಹಿಡಿಯಿರಿ.

ತಾಳೆ ನೋಡಲು: ಉತ್ತರ–ದಕ್ಷಿಣವಾಗಿ ಯಾಜಕರಿಗೆ 10,000, ಲೇವಿಯರಿಗೆ (ಪವಿತ್ರಾಲಯದ ಸೇವೆಯ ಲೇವಿ ಕುಲದವರು) 10,000, ನಗರಕ್ಕೆ 5,000, ಒಟ್ಟು 25,000. ನಗರದ 5,000 ಎಂದರೆ 4,500 ಪಟ್ಟಣ, ಎರಡೂ ಕಡೆ 250ರಂತೆ ಗೋಮಾಳ. ಪೂರ್ವ–ಪಶ್ಚಿಮವಾಗಿ 10,000 + 5,000 + 10,000. ಆಚೀಚಿನ ಹತ್ತು ಸಾವಿರಗಳು ನಗರದ ಕೆಲಸಗಾರರ ಆಹಾರಕ್ಕೆ. ಲೇವಿಯರ ಪಟ್ಟಿ ಯಾಜಕರದ್ದರ ಮೇಲೋ (ಉತ್ತರಕ್ಕೋ) ಕೆಳಗೋ ಎಂಬ ಬಗ್ಗೆ ವ್ಯಾಖ್ಯಾನಕಾರರು ಒಂದಾಗಿಲ್ಲ. ಮೇಲಿಟ್ಟರೆ ಪವಿತ್ರಾಲಯ ನಡುವಿಗೆ ಹತ್ತಿರವಾಗುತ್ತದೆ, ನನಗೆ ಅದೇ ಸರಿ ಕಾಣುತ್ತದೆ.

ಉತ್ತರ 2

ಯೆಹೋಶುವನ ಕಾಲದ ನಕ್ಷೆಯ ಮೇಲೆ ಇದನ್ನು ಬರೆಯಲು ಹೋದರೆ ಕೆಡುತ್ತದೆ. ಇಲ್ಲಿ ಪೂರ್ವದ ಗಡಿ ಯೊರ್ದನ್ (47:18), ನದಿಯಾಚೆಯ ಗಿಲ್ಯಾದ್ ಪ್ರದೇಶ ಹೊರಗೆ. ಆದ್ದರಿಂದ ರೂಬೇನ್, ಗಾದ್ ಎರಡೂ ಈಚೆಗೇ. ಈ ಚಕ್ಕುಬಂದಿ ಆದಿಕಾಂಡ 15:18ರದ್ದಲ್ಲ, ಬಹುಮಟ್ಟಿಗೆ ಅರಣ್ಯಕಾಂಡ 34ರದ್ದು.

ಉತ್ತರದಿಂದ ದಾನ್, ಆಶೇರ್, ನಫ್ತಾಲಿ, ಮನಸ್ಸೆ, ಎಫ್ರಾಯೀಮ್, ರೂಬೇನ್, ಯೆಹೂದ. ನಡುವೆ ಪವಿತ್ರ ಭಾಗ. ಕೆಳಗೆ ಬೆನ್ಯಾಮೀನ್, ಸಿಮೆಯೋನ್, ಇಸ್ಸಾಕಾರ್, ಜೆಬುಲೂನ್, ಗಾದ್. ಯಾಕೋಬನಿಗೆ ದಾಸಿಯರಲ್ಲಿ ಹುಟ್ಟಿದ ನಾಲ್ವರು (ದಾನ್, ಆಶೇರ್, ನಫ್ತಾಲಿ, ಗಾದ್) ಅಂಚಿಗೆ ಬಂದಿದ್ದಾರೆ. ಹಿಂದೆ ಬೆನ್ಯಾಮೀನಿನ ದಕ್ಷಿಣಕ್ಕಿದ್ದ ಯೆಹೂದ ಈಗ ಉತ್ತರಕ್ಕೆ ದಾಟಿದೆ. 37ನೇ ಅಧ್ಯಾಯದಲ್ಲಿ ಉತ್ತರ–ದಕ್ಷಿಣ ರಾಜ್ಯಗಳು ಒಂದಾಗುವುದರ ಗುರುತಾಗಿ ಎರಡು ಕೋಲುಗಳನ್ನು ಒಂದಾಗಿಸಿದ ಪ್ರವಾದಿ ಇಲ್ಲಿ ಅದೇ ಮಾತನ್ನು ನೆಲದ ಮೇಲೆ ಗೀಚುತ್ತಿದ್ದಾನೆ. ಪಟ್ಟಿಗಳ ಉತ್ತರ–ದಕ್ಷಿಣ ಅಗಲ ಎಲ್ಲೂ ಇಲ್ಲ. ಪಾಲು ಸಮ ಎಂದಷ್ಟೇ ಇದೆ (47:14). ಅವುಗಳ ಮೇಲೆ ಕಿ.ಮೀ. ಬರೆಯಬೇಡಿ.

ಇನ್ನೊಂದು ಎಡವಟ್ಟು: ಕುಲಗಳ ಭೂಮಿಯ ಹಂಚಿಕೆಯಲ್ಲಿ ಲೇವಿ ಇಲ್ಲ, ಯೋಸೇಫನಿಗೆ ಎರಡು ಪಾಲು (ಮನಸ್ಸೆ, ಎಫ್ರಾಯೀಮ್). ನಗರದ ಹನ್ನೆರಡು ದ್ವಾರಗಳ ಹೆಸರುಗಳಲ್ಲಿ ಲೇವಿ ಇದ್ದಾನೆ, ಯೋಸೇಫ ಒಬ್ಬನೇ. ಒಂದನ್ನು ನೋಡಿ ಇನ್ನೊಂದನ್ನು ತುಂಬಿಸಬಾರದು.

ಮರುಪ್ರಶ್ನೆ

ಮೊಳ ಹಿಡಿದ ಮೇಲೆ ಎಲ್ಲ ಕೂಡಿತು. ಬಾಬಿಲೋನಿನ ಸೆರೆಯಿಂದ ಮರಳಿದವರು ಹೀಗೆ ಹಂಚಿಕೊಂಡರೇ?

ಉತ್ತರ 3

ಇಲ್ಲ. ದರ್ಶನ ಕ್ರಿ.ಪೂ. 573ರದ್ದು. 538ರಲ್ಲಿ ಪರ್ಷಿಯದ ಅರಸ ಕೋರೆಷನ ಅಪ್ಪಣೆಯಾದ ಮೇಲೆ ಬಂದವರು, ಎಜ್ರ 2:64ರ ಲೆಕ್ಕದಲ್ಲಿ 42,360 ಮಂದಿ, ತಂತಮ್ಮ ಹಳೆಯ ಊರುಗಳಿಗೆ ಹೋದರು. ಸಿಕ್ಕಿದ್ದು ಯೆರೂಸಲೇಮಿನ ಸುತ್ತಲ ಯೆಹೂದ್ ಎಂಬ ಪುಟ್ಟ ಪರ್ಷಿಯನ್ ಪ್ರಾಂತ. ಉತ್ತರದ ರಾಜ್ಯ 722ರ ಸುಮಾರಿಗೇ ಅಶ್ಶೂರ್ಯರ ಕೈಗೆ ಬಿದ್ದಿತ್ತು. ಹನ್ನೆರಡು ಪಾಲಿಗೆ ಹನ್ನೆರಡು ಕುಲಗಳೇ ಕೂಡಿರಲಿಲ್ಲ. ಅದಕ್ಕೇ ಯೆಹೂದ್ಯ ಪರಂಪರೆ ಇದನ್ನು ಮೆಸ್ಸೀಯನ ಕಾಲಕ್ಕೆ ಮುಂದೂಡುತ್ತದೆ. ಕ್ರೈಸ್ತರಲ್ಲಿ ಕೆಲವರು ಅಕ್ಷರಶಃ ನೆರವೇರುವುದೆಂದೂ ಕೆಲವರು ಸಂಕೇತವೆಂದೂ ಓದುತ್ತಾರೆ.

ನಕ್ಷೆಯಲ್ಲಿ ಬಿಡಬಾರದ ವಚನ 47:22–23. ನಡುವೆ ನೆಲೆಸಿ ಮಕ್ಕಳನ್ನು ಪಡೆದ ಪರದೇಶಿಗೂ ಚೀಟಿ ಹಾಕಿ ಬಾಧ್ಯತೆ ಕೊಡಬೇಕು, ಸ್ವದೇಶಿಯಂತೆಯೇ. ಯಾಜಕಕಾಂಡ 25:23 ‘ಭೂಮಿ ನನ್ನದು, ನೀವು ನನ್ನ ಬಳಿಯ ಪರದೇಶಿಗಳು’ ಎಂದಿತ್ತು. ಆದರೆ ಪರದೇಶಿಗೆ ಪಾಲು ಕೊಡುವ ಮಾತು ಅಲ್ಲಿರಲಿಲ್ಲ. ಈ ಗಡಿಗಳನ್ನು ಮಾತ್ರ ಎತ್ತಿಕೊಂಡು ಈ ವಚನ ಬಿಡುವವರು ಅರ್ಧ ಪತ್ರ ಓದಿದಂತೆ. ಪರದೇಶಿಗೆ ಪ್ರತ್ಯೇಕ ಬಣ್ಣ ಹಾಕಬೇಡಿ: ಯಾವ ಕುಲದ ನಡುವೆ ಇದ್ದಾನೋ ಆ ಪಟ್ಟಿಯೊಳಗೇ ಅವನ ಪಾಲು.