ಮರಗೆಲಸಕ್ಕೆ ಬೆರಳಲ್ಲಿ ಓದುವ ಅಳತೆ ಸಾಧನ: ನನ್ನ ಅನುಭವ

ದೃಷ್ಟಿ ಹೋದ ಮೇಲೆ ಅಣ್ಣ ಮತ್ತೆ ಮರಗೆಲಸ ಶುರು ಮಾಡಬೇಕು ಅಂತಿದ್ದಾರೆ, ಮಾತಾಡುವ ಟೇಪ್ ಕೊಡಿಸಲಾ, ಉಬ್ಬು ಗುರುತಿನ ಸ್ಕೇಲ್ ಸಾಕಾ ಅಂತ ಕೇಳಿದ್ದೀರಿ. ನನಗೂ ಕಣ್ಣು ಕಾಣುವುದಿಲ್ಲ, ಮರದ ಕೆಲಸ ಮಾಡುತ್ತಲೇ ಇದ್ದೇನೆ.

ಉಬ್ಬು ಗೆರೆಯ ಸ್ಕೇಲ್ ಸೆಂಟಿಮೀಟರ್, ಅರ್ಧ ಸೆಂಟಿಮೀಟರ್ ತನಕ ಚೆನ್ನಾಗಿ ಕೈಗೆ ಸಿಗುತ್ತದೆ. ಮಿಲಿಮೀಟರ್ ಲೆಕ್ಕಕ್ಕೆ ಅದು ಬೇಡ. ಬ್ರೈಲ್ ಅಕ್ಷರದ ಚುಕ್ಕಿಗಳೇ ಸುಮಾರು 2.5 ಮಿ.ಮೀ. ದೂರದಲ್ಲಿರುತ್ತವೆ, ಅಷ್ಟಿದ್ದರೆ ಬೆರಳಿಗೆ ಬೇರೆ ಬೇರೆ ಅಂತ ತಿಳಿಯುತ್ತದೆ. 1 ಮಿ.ಮೀ.ಗೊಂದು ಗೆರೆ ಉಬ್ಬಿಸಿದರೆ ಸುಮ್ನೆ ಒರಟಾಗಿ ಅನಿಸುತ್ತದೆ, ಎಣಿಸಲು ಆಗುವುದಿಲ್ಲ.

ಸಣ್ಣ ಅಳತೆಗೆ ನಾನು ನಂಬುವುದು ಕ್ಲಿಕ್ ರೂಲ್. ಕೊಳವೆಯೊಳಗೆ ಜಾರುವ ಲೋಹದ ಸರಳು ಅದು, ಸರಳಿನ ಮೇಲೆ ಅರ್ಧ ಇಂಚಿಗೊಂದು ಗುರುತು ಬೆರಳಿಗೆ ಸಿಗುತ್ತದೆ, ಎಳೆದಂತೆ 1/16 ಇಂಚಿಗೊಮ್ಮೆ ಕಟ್ ಅನ್ನುತ್ತದೆ, ಅಂದರೆ ಎರಡು ಗುರುತಿನ ನಡುವೆ ಎಂಟು ಸಲ, ಒಂದೊಂದಕ್ಕೂ ಸುಮಾರು 1.6 ಮಿ.ಮೀ. ಮೊದಲು ಗುರುತು ಎಣಿಸುವುದು, ಆಮೇಲೆ ಕ್ಲಿಕ್ ಎಣಿಸುವುದು, ಬಿಗಿ ಮಾಡುವುದು. ಅಷ್ಟೇ. ಬಿಗಿ ಮಾಡಿದ ಮೇಲೆ ಸಿಗುವ ಉದ್ದವನ್ನು ನೇರವಾಗಿ ಮರಕ್ಕೆ ಹಿಡಿಯಬಹುದು, ನನಗೆ ತುಂಬಾ ಇಷ್ಟವಾಗಿದ್ದು ಇದೇ.

ಮಾತಾಡುವ ಟೇಪ್ ಕೋಣೆ, ಬಾಗಿಲು ಅಳೆಯಲು ಒಳ್ಳೆಯದು. ಆದರೆ ಅದು ಸಂಖ್ಯೆ ಹೇಳುತ್ತದೆ, ಆ ಸಂಖ್ಯೆ ಹಲಗೆಯ ಮೇಲೆ ಎಲ್ಲಿ ಬರುತ್ತದೆ ಅಂತ ಕೈಗೆ ತೋರಿಸುವುದಿಲ್ಲ. ಪಕ್ಕದಲ್ಲಿ ಯಂತ್ರ ಓಡುತ್ತಿದ್ದರೆ ಕೇಳಿಸುವುದೂ ಕಷ್ಟ.

ಗುರುತು ಹಾಕುವ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ಪೆನ್ಸಿಲ್ ಗೆರೆ ನಮಗೆ ಸಿಗದು ಅಲ್ವಾ? ಮೂಲೆಮಟ್ಟ ಒತ್ತಿ ಹಿಡಿದು ಚಾಕುವಿನಿಂದ ಗೀರಿ, ಆ ಗೀರು ಉಗುರಿಗೆ ಸಿಗುತ್ತದೆ, ಉಳಿಯ ಬಾಯಿ ಕೂಡ ಅದರಲ್ಲೇ ಕೂರುತ್ತದೆ. ಒಂದೇ ಉದ್ದದ ನಾಲ್ಕು ಕಾಲು ಬೇಕಾದರೆ ನಾಲ್ಕು ಸಲ ಅಳೆಯಲೇಬೇಡಿ. ಮೊದಲನೆಯದನ್ನು ಸರಿಯಾಗಿ ಕತ್ತರಿಸಿ, ಅದರ ಉದ್ದಕ್ಕೆ ತಡೆಯಾಗಿ ಒಂದು ಮರದ ತುಂಡನ್ನು ಕ್ಲಾಂಪ್ ಮಾಡಿ, ಉಳಿದ ಮೂರನ್ನೂ ಅದಕ್ಕೆ ತಾಗಿಸಿ ಕತ್ತರಿಸಿ. ಅಳತೆಯನ್ನು ಸಂಖ್ಯೆ ಮಾಡಿ ಮತ್ತೆ ಉದ್ದ ಮಾಡುವಾಗಲೇ ತಪ್ಪು ನುಸುಳುವುದು, ಉದ್ದವನ್ನೇ ಸಾಗಿಸಿದರೆ ಆ ಗೊಡವೆಯೇ ಇಲ್ಲ.

ಹೊಲಿಗೆ ಮಾಡುವ ಗೆಳತಿಯೊಬ್ಬರು ಮಾಮೂಲಿ ಬಟ್ಟೆ ಟೇಪಿಗೇ ಅಳತೆಯ ಗುರುತಿಗೊಂದರಂತೆ ಬೆರಳಿಗೆ ಸಿಗುವ ಸ್ಟೇಪ್ಲರ್ ಪಿನ್ ಹೊಡೆಸಿಕೊಂಡು ಚೆನ್ನಾಗಿ ನಡೆಸುತ್ತಿದ್ದಾರೆ.

ಕೊಳ್ಳುವ ಮುಂಚೆ ಅಣ್ಣನ ಕೈಗೆ ಇಂಚು ರೂಢಿಯೋ ಸೆಂಟಿಮೀಟರೋ ಕೇಳಿ. ನಾನು ಹೇಳಿದ ಕ್ಲಿಕ್ ರೂಲ್ ಇಂಚಿನ ಲೆಕ್ಕದ್ದು.