ಅಪ್‌ಡೇಟ್: 95 ಆಕ್ಟೇನ್ ಪೆಟ್ರೋಲಿನಲ್ಲೇ ನಾಕಿಂಗ್ ನಿಂತಿದೆ

ರೀಮ್ಯಾಪ್ (ಹೆಚ್ಚು ಶಕ್ತಿಗಾಗಿ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ ನನ್ನ 1.8 ಲೀಟರ್ ಟರ್ಬೊ ಪೆಟ್ರೋಲ್ ಕಾರು ಶಿರಾಡಿ ಘಾಟಿ ಹತ್ತುವಾಗ ನಾಕ್ ಆಗುತ್ತಿದೆ (ಇಂಧನ ತಾನಾಗಿಯೇ ಹೊತ್ತಿ ಎಂಜಿನ್ ಟಕಟಕ ಎನ್ನುತ್ತಿದೆ), ಬಂಕಿನಲ್ಲಿ ಸಿಗುವ 95 ಆಕ್ಟೇನ್ (ನಾಕ್ ತಡೆಯುವ ಗುಣದ ಅಳತೆ) ಪೆಟ್ರೋಲಿನಲ್ಲೇ ಅದನ್ನು ತಡೆಯಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ತಡೆಯಬಹುದು.

ನಿಮ್ಮ ಸಲಹೆಯಂತೆ ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿಸಿದೆ. ಮೂರನೇ ಸಿಲಿಂಡರಿನ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿದ್ದವು. ನಡುನಡುವೆ ಹೊಳೆಯುತ್ತಿದ್ದ ಅಲ್ಯೂಮಿನಿಯಂ ಕಣಗಳು ಪಿಸ್ಟನ್‌ನಿಂದಲೇ ಬಂದವು ಎಂದು ತಿಳಿದಾಗ ಎದೆ ಧಸಕ್ಕೆಂದಿತು.

ಎಂಜಿನ್ ಕಂಪ್ಯೂಟರಿನ (ಇಸಿಯು) ಲಾಗ್, ಅಂದರೆ ಓಡುವಾಗಿನ ದಾಖಲೆ, ತೆಗೆದು ನೋಡಿದರೆ, 3000 ಆರ್‌ಪಿಎಂ ಆಸುಪಾಸಿನಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಪೂರ್ತಿ ಏರುತ್ತಿದ್ದಂತೆ ನಾಕ್ ತಡೆಯಲು ಇಸಿಯು ಆ ಸಿಲಿಂಡರಿನಲ್ಲಿ ಕಿಡಿ ಹಾರುವ ಟೈಮಿಂಗನ್ನು 6 ಡಿಗ್ರಿಯಷ್ಟು ಹಿಂದಕ್ಕೆ ಎಳೆಯುತ್ತಿತ್ತು. ಎಂಜಿನ್ ನಿಧಾನವಾಗಿ ತಿರುಗುವಾಗ ಮಿಶ್ರಣವು ಶಾಖ ಮತ್ತು ಒತ್ತಡಕ್ಕೆ ಹೆಚ್ಚು ಹೊತ್ತು ಸಿಲುಕುವುದರಿಂದ, ಜ್ವಾಲೆ ತಲುಪುವ ಮೊದಲೇ ಅದರ ಕೊನೆಯ ಭಾಗ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಆ ವ್ಯಾಪ್ತಿಯಲ್ಲಿ ಬೂಸ್ಟನ್ನು 1.3ರಿಂದ 1.1 ಬಾರ್‌ಗೆ ಇಳಿಸಿ, ಟೈಮಿಂಗನ್ನು 2 ಡಿಗ್ರಿ ತಗ್ಗಿಸಿ, ಒಂದು ಹಂತ ತಣ್ಣನೆಯ (ಶಾಖವನ್ನು ಬೇಗ ಹೊರಹಾಕುವ) ಪ್ಲಗ್‌ಗಳನ್ನು 0.7 ಮಿಲಿಮೀಟರ್ ಅಂತರದೊಂದಿಗೆ ಹಾಕಿಸಿದೆ.

ಹಳೆಯ ಮ್ಯಾಪ್ ನಮ್ಮ ಬಿಸಿಲನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಮೊದಲಿನ ನೂಕು ಸ್ವಲ್ಪ ಕಡಿಮೆಯಾಗಿದೆ, ನಿಜ. ಆದರೆ ಮೊನ್ನೆ ಮಧ್ಯಾಹ್ನ ಅದೇ ಏರಿನಲ್ಲಿ ತೆಗೆದ ಲಾಗ್‌ನಲ್ಲಿ ಯಾವ ಸಿಲಿಂಡರಿನಲ್ಲೂ ಟೈಮಿಂಗಿನ ಹಿಂದೆಳೆತ 1 ಡಿಗ್ರಿ ದಾಟಿಲ್ಲ.