ಸಹಾಯ ಬೇಕು: ಕೊಚ್ಚಿಯಲ್ಲಿ ಒಂದು ದಿನ, ನಿಧಾನವಾಗಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನೂ ನಮ್ಮನೆಯವರೂ ಮುಂಬೈಯಿಂದ ಹಡಗಿನಲ್ಲಿ ಹೊರಟಿದ್ದೇವೆ. ದಾರಿಯಲ್ಲಿ ಒಂದು ಶನಿವಾರ ಕೊಚ್ಚಿಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ 9ಕ್ಕೆ ಇಳಿದರೆ ಸಂಜೆ 5ರೊಳಗೆ ಮತ್ತೆ ಹತ್ತಬೇಕು.

ಮದುವೆಯಾಗಿ 30 ವರ್ಷ. ಇಬ್ಬರೇ ಹೀಗೆ ಹೊರಟಿರುವುದು ಇದೇ ಮೊದಲು. ಹಾಗಾಗಿ ಓಡಾಡಿ ಸುಸ್ತಾಗುವುದು ಬೇಡ. ಫೋರ್ಟ್ ಕೊಚ್ಚಿಯ ದಡದಲ್ಲಿ ಮೀನು ಹಿಡಿಯುವ ಚೀನೀ ಬಲೆಗಳನ್ನು ನೋಡುತ್ತಾ ಸುಮ್ನೆ ಕೂರಬೇಕು. ಬಲೆಯ ಭಾರಕ್ಕೆ ಸರಿದೂಗಲು ಹಗ್ಗದಲ್ಲಿ ದೊಡ್ಡ ದೊಡ್ಡ ಕಲ್ಲು ಕಟ್ಟಿರುತ್ತಾರಲ್ಲ, ಅದನ್ನು ಕಣ್ಣಾರೆ ನೋಡುವ ಆಸೆ ನನಗೆ ಚಿಕ್ಕಂದಿನಿಂದ. ಆಮೇಲೆ ಸೇಂಟ್ ಫ್ರಾನ್ಸಿಸ್ ಚರ್ಚ್. 1524ರಲ್ಲಿ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಅಲ್ಲೇ. ಮಟ್ಟಾಂಚೇರಿಯ 1568ರ ಯೆಹೂದಿ ಮಂದಿರ ಮಾತ್ರ ಶನಿವಾರ ಮುಚ್ಚಿರುತ್ತದೆ, ಅದೊಂದು ಬೇಸರ.

ಹೋಗಿಬಂದವರು ದಯವಿಟ್ಟು ಹೇಳಿ. ಹಡಗು ನಿಲ್ಲುವ ವಿಲ್ಲಿಂಗ್ಡನ್ ದ್ವೀಪದಿಂದ ಫೋರ್ಟ್ ಕೊಚ್ಚಿಗೆ ಆಟೋ ಒಳ್ಳೆಯದಾ, ದೋಣಿಯಾ? ನಮ್ಮನೆಯವರಿಗೆ ಮಂಡಿನೋವು, ಜಾಸ್ತಿ ಹತ್ತಿ ಇಳಿಯಲು ಆಗುವುದಿಲ್ಲ. ಬಲೆ ಎಳೆಯುವುದನ್ನು ನೋಡಲು ಎಷ್ಟು ಹೊತ್ತಿಗೆ ಹೋಗಬೇಕು? ನಾವು ಸಸ್ಯಾಹಾರಿಗಳು. ಮಟ್ಟಾಂಚೇರಿಯಲ್ಲಿ ಕೊಂಕಣಿಗರು, ಗುಜರಾತಿಗಳು ತುಂಬಾ ಜನ ಇದ್ದಾರಲ್ವಾ, ಆ ಕಡೆ ಮನೆಯಂಥ ಊಟ ಎಲ್ಲಿ ಸಿಗುತ್ತದೆ?